ಕೊನೆಯ ಹತ್ತು ಮೀಟರ್: ಜಿಯೋಕ್ಯಾಶಿಂಗ್ ಆಟಕ್ಕೆ ಹೊಸಬರಾಗಿ ಇಳಿಯುವವರಿಗೆ

2000ನೇ ಇಸವಿಯ ಮೇ 3ರಂದು ಅಮೆರಿಕದ ಆರೆಗಾನ್ ರಾಜ್ಯದ ಬೀವರ್‌ಕ್ರೀಕ್ ಎಂಬ ಊರಿನ ಬಳಿ ಡೇವ್ ಅಲ್ಮರ್ ಎಂಬ ಕಂಪ್ಯೂಟರ್ ಸಲಹೆಗಾರರು ಒಂದು ಕಪ್ಪು ಪ್ಲಾಸ್ಟಿಕ್ ಬಕೆಟ್ಟನ್ನು ಕಾಡಿನ ಅಂಚಿನಲ್ಲಿ ಅರ್ಧ ಹೂತಿಟ್ಟು ಬಂದರು. ಅದರೊಳಗೆ ಕೆಲವು ಪುಸ್ತಕಗಳು, ವಿಡಿಯೊಗಳು, ಸಾಫ್ಟ್‌ವೇರ್, ಸ್ವಲ್ಪ ಹಣ, ಒಂದು ಚಾಟರಬಿಲ್ಲು ಮತ್ತು ತಗಡಿನ ಡಬ್ಬಿಯಲ್ಲಿ ಬೀನ್ಸ್ ಇದ್ದವು. ಮನೆಗೆ ಮರಳಿದ ಅವರು ಬಕೆಟ್ ಇರುವ ಜಾಗದ ಅಕ್ಷಾಂಶ ಮತ್ತು ರೇಖಾಂಶಗಳನ್ನು ಅಂತರ್ಜಾಲದ ಒಂದು ಚರ್ಚಾಗುಂಪಿನಲ್ಲಿ ಬರೆದು, ಸಿಕ್ಕವರು ಅದರಿಂದ ಏನಾದರೂ ತೆಗೆದುಕೊಂಡು ಬದಲಿಗೆ ಏನಾದರೂ ಇಡಬೇಕೆಂದು ಸೂಚಿಸಿದರು. ಮೂರೇ ದಿನಗಳಲ್ಲಿ ಇಬ್ಬರು ಆ ಬಕೆಟ್ಟನ್ನು ಹುಡುಕಿ ತೆಗೆದಿದ್ದರು. ಮೊದಲು ಕಂಡವರು ಮೈಕ್ ಟೀಗ್. ಇಂದು ಜಗತ್ತಿನಾದ್ಯಂತ ಮೂವತ್ತು ಲಕ್ಷಕ್ಕೂ ಹೆಚ್ಚು ಡಬ್ಬಿಗಳನ್ನು ಒಳಗೊಂಡಿರುವ, ಅಂಟಾರ್ಕ್ಟಿಕಾ ಸೇರಿದಂತೆ ಏಳೂ ಖಂಡಗಳಿಗೆ ಹರಡಿರುವ ಜಿಯೋಕ್ಯಾಶಿಂಗ್ ಎಂಬ ಆಟ ಹುಟ್ಟಿದ್ದು ಹೀಗೆ.

ಅಲ್ಮರ್ ಆ ದಿನವನ್ನೇ ಆರಿಸಿಕೊಂಡಿದ್ದಕ್ಕೆ ಕಾರಣವಿತ್ತು. ಜಿಪಿಎಸ್ ವ್ಯವಸ್ಥೆ ಅಮೆರಿಕದ ಸೇನೆಗಾಗಿ ನಿರ್ಮಾಣವಾದದ್ದು. ನಾಗರಿಕರಿಗೆ ಸಿಗುತ್ತಿದ್ದ ಸಂಕೇತದಲ್ಲಿ ಸೇನೆಯವರು ಬೇಕೆಂದೇ ಒಂದಿಷ್ಟು ತಪ್ಪನ್ನು ಬೆರೆಸುತ್ತಿದ್ದುದರಿಂದ ಸಾಮಾನ್ಯರ ಕೈಯಲ್ಲಿದ್ದ ಉಪಕರಣ ಸುಮಾರು ನೂರು ಮೀಟರಿನವರೆಗೆ ಆಚೀಚೆ ತೋರಿಸುತ್ತಿತ್ತು. ಅಧ್ಯಕ್ಷ ಬಿಲ್ ಕ್ಲಿಂಟನ್ ಅವರ ಆದೇಶದಂತೆ ಮೇ 2ರಂದು, ನಮ್ಮ ಗಡಿಯಾರದ ಪ್ರಕಾರ ಬೆಳಗ್ಗೆ ಒಂಬತ್ತೂವರೆಯ ಹೊತ್ತಿಗೆ, ಈ ಬೆರಕೆಯನ್ನು ನಿಲ್ಲಿಸಲಾಯಿತು. ಯಾರೂ ಹೊಸ ಯಂತ್ರ ಕೊಳ್ಳದಿದ್ದರೂ ಎಲ್ಲರ ಯಂತ್ರವೂ ಒಂದೇ ರಾತ್ರಿಯಲ್ಲಿ ಹತ್ತಿಪ್ಪತ್ತು ಮೀಟರಿನ ನಿಖರತೆಗೆ ಬಂದುಬಿಟ್ಟಿತು. ನೂರು ಮೀಟರ್ ತಪ್ಪಿದ್ದಾಗ ಕಾಡಿನಲ್ಲಿ ಬಕೆಟ್ ಹುಡುಕುವುದು ಹುಲ್ಲಿನ ಮೆದೆಯಲ್ಲಿ ಸೂಜಿ ಹುಡುಕಿದ ಹಾಗೆ. ಹತ್ತಿಪ್ಪತ್ತು ಮೀಟರ್ ಎಂದಾದಾಗ ಅದು ಆಟವಾಗುತ್ತದೆ. ಈ ಬದಲಾವಣೆಯನ್ನು ಪರೀಕ್ಷಿಸಿ ನೋಡುವ ಉತ್ಸಾಹದಲ್ಲಿಯೇ ಅಲ್ಮರ್ ಬಕೆಟ್ ಹಿಡಿದು ಹೊರಟದ್ದು.

ಹೆಸರಿನ ಬಗ್ಗೆ ಒಂದು ಮಾತು ಹೇಳಲೇಬೇಕು, ಏಕೆಂದರೆ ಕನ್ನಡದಲ್ಲಿ ಬರೆದಾಗ ಅದು ದಾರಿ ತಪ್ಪಿಸುತ್ತದೆ. ಇಲ್ಲಿನ ‘ಕ್ಯಾಶ್’ ನಗದು ಹಣವಲ್ಲ. ಬಚ್ಚಿಡು ಎಂಬ ಅರ್ಥದ ಫ್ರೆಂಚ್ ಕ್ರಿಯಾಪದದಿಂದ ಬಂದ, ಬೇಟೆಗಾರರು ಹಾಗೂ ಅಲೆಮಾರಿಗಳು ಮುಂದಿನ ಪಯಣಕ್ಕೆಂದು ಅಡಗಿಸಿಡುತ್ತಿದ್ದ ದಾಸ್ತಾನನ್ನು ಸೂಚಿಸುವ ಬೇರೆಯೇ ಪದ ಅದು. ಆರಂಭದಲ್ಲಿ ಈ ಆಟಕ್ಕೆ ಬೇರೆ ಹೆಸರಿತ್ತು. 2000ದ ಮೇ ತಿಂಗಳ ಕೊನೆಯಲ್ಲಿ ಮ್ಯಾಟ್ ಸ್ಟಮ್ ಎಂಬವರು ಸೂಚಿಸಿದ ‘ಜಿಯೋಕ್ಯಾಶಿಂಗ್’ ಎಂಬ ಪದವೇ ನಿಂತಿತು. ಅದೇ ವರ್ಷದ ಸೆಪ್ಟೆಂಬರ್ 2ರಂದು ಜೆರೆಮಿ ಐರಿಶ್ ಇದೇ ಹೆಸರಿನ ಜಾಲತಾಣವನ್ನು ತೆರೆದಾಗ ಅದರಲ್ಲಿದ್ದದ್ದು ಬರೀ 75 ಕ್ಯಾಶ್‌ಗಳು. ಇಂದಿಗೂ ಆಟದ ಮುಖ್ಯ ಪಟ್ಟಿ ಅದೇ. ಅದನ್ನು ನಡೆಸುವ ಸಂಸ್ಥೆ ಸಿಯಾಟಲ್ ನಗರದಲ್ಲಿದೆ.

ಆಟದ ತಿರುಳನ್ನು ಒಂದೆರಡು ವಾಕ್ಯದಲ್ಲಿ ಹೇಳಿ ಮುಗಿಸಬಹುದು. ಯಾರೋ ಒಬ್ಬರು ನೀರು ನುಗ್ಗದ ಡಬ್ಬಿಯೊಂದರಲ್ಲಿ ಸಹಿ ಹಾಕುವ ಕಾಗದವನ್ನಿಟ್ಟು ಸಾರ್ವಜನಿಕರು ಓಡಾಡಬಹುದಾದ ಜಾಗದಲ್ಲಿ ಅಡಗಿಸಿ, ಅದರ ನಿರ್ದೇಶಾಂಕಗಳನ್ನು ಪ್ರಕಟಿಸುತ್ತಾರೆ. ನೀವು ಅಲ್ಲಿಗೆ ಹೋಗಿ, ಹುಡುಕಿ, ಕಾಗದದಲ್ಲಿ ಹೆಸರು ಮತ್ತು ದಿನಾಂಕ ಬರೆದು, ಡಬ್ಬಿಯನ್ನು ಇದ್ದಲ್ಲಿಯೇ ಇಟ್ಟು ಬಂದು, ಕಂಡ ವಿಷಯವನ್ನು ಜಾಲತಾಣದಲ್ಲಿ ದಾಖಲಿಸುತ್ತೀರಿ. ಗೆದ್ದವರಿಗೆ ಬಹುಮಾನವಿಲ್ಲ, ಸೋತವರಿಗೆ ದಂಡವಿಲ್ಲ. ಆದರೆ ಮೊದಲ ಸಲ ಹೊರಟವರಲ್ಲಿ ಅನೇಕರು ಬರಿಗೈಯಲ್ಲಿ ಮರಳುತ್ತಾರೆ, ಮತ್ತು ಬಹುತೇಕ ಸಂದರ್ಭಗಳಲ್ಲಿ ಅದಕ್ಕೆ ಕಾರಣ ಒಂದೇ ತಪ್ಪು ತಿಳಿವಳಿಕೆ: ಫೋನ್ ತಮ್ಮನ್ನು ಡಬ್ಬಿಯವರೆಗೆ ಕರೆದೊಯ್ಯುತ್ತದೆ ಎಂದು ಅವರು ನಂಬಿರುತ್ತಾರೆ. ಫೋನ್ ಅಷ್ಟು ದೂರ ಬರುವುದಿಲ್ಲ. ಅದು ಡಬ್ಬಿಯ ಆಸುಪಾಸಿಗೆ ತಂದು ನಿಲ್ಲಿಸಿ ಕೈಬಿಡುತ್ತದೆ.

ಅದು ಹೇಗೆಂದು ತಿಳಿಯಲು ಜಿಪಿಎಸ್ ಕೆಲಸ ಮಾಡುವ ಬಗೆಯನ್ನು ಸ್ವಲ್ಪ ನೋಡೋಣ. ಸುಮಾರು 20,200 ಕಿಲೋಮೀಟರ್ ಎತ್ತರದಲ್ಲಿ ಸುತ್ತುವ ಪ್ರತಿ ಉಪಗ್ರಹವೂ ‘ನಾನು ಇಂಥಲ್ಲಿದ್ದೇನೆ, ಈಗ ಸಮಯ ಇಷ್ಟು’ ಎಂದು ಸಾರುತ್ತಲೇ ಇರುತ್ತದೆ. ನಿಮ್ಮ ಫೋನ್ ಉಪಗ್ರಹಕ್ಕೆ ಏನನ್ನೂ ಕಳುಹಿಸುವುದಿಲ್ಲ, ಕೇಳಿಸಿಕೊಳ್ಳುತ್ತದೆ ಅಷ್ಟೆ. ಸಂಕೇತ ಹೊರಟ ಸಮಯಕ್ಕೂ ತನ್ನನ್ನು ತಲುಪಿದ ಸಮಯಕ್ಕೂ ಇರುವ ಅಂತರದಿಂದ ಉಪಗ್ರಹ ಎಷ್ಟು ದೂರದಲ್ಲಿದೆ ಎಂದು ಲೆಕ್ಕ ಹಾಕುತ್ತದೆ. ಅಕ್ಷಾಂಶ, ರೇಖಾಂಶ, ಎತ್ತರ ಮತ್ತು ತನ್ನದೇ ಗಡಿಯಾರದ ತಪ್ಪು ಎಂಬ ನಾಲ್ಕು ಅಜ್ಞಾತಗಳನ್ನು ಬಿಡಿಸಬೇಕಾದ್ದರಿಂದ ಕನಿಷ್ಠ ನಾಲ್ಕು ಉಪಗ್ರಹಗಳು ಬೇಕು. ಬೆಳಕಿನ ವೇಗದಲ್ಲಿ ಸಾಗುವ ಸಂಕೇತ ಸೆಕೆಂಡಿನ ಹತ್ತು ಲಕ್ಷದ ಒಂದು ಭಾಗದಲ್ಲಿ 300 ಮೀಟರ್ ಕ್ರಮಿಸುತ್ತದೆ ಎಂಬುದನ್ನು ನೆನೆದರೆ, ಈ ಲೆಕ್ಕ ಎಷ್ಟು ನಾಜೂಕಿನದೆಂದು ಅರ್ಥವಾಗುತ್ತದೆ. ಇಂದಿನ ಫೋನುಗಳು ಅಮೆರಿಕದ ಜಿಪಿಎಸ್ ಅಲ್ಲದೆ ರಷ್ಯಾ, ಯುರೋಪ್ ಮತ್ತು ಚೀನಾದ ಉಪಗ್ರಹಗಳನ್ನೂ, ಕೆಲವು ಫೋನುಗಳು ನಮ್ಮ ಇಸ್ರೊದ ನಾವಿಕ್ ಉಪಗ್ರಹಗಳನ್ನೂ ಆಲಿಸುತ್ತವೆ. ನಾವಿಕ್‌ನ ಸಂಚಾಲನಾ ಕೇಂದ್ರ ಇರುವುದು ಬೆಂಗಳೂರಿನ ಸಮೀಪದ ಬ್ಯಾಲಾಳುವಿನಲ್ಲಿ. ಇಷ್ಟೆಲ್ಲ ಇದ್ದರೂ ತೆರೆದ ಬಯಲಿನಲ್ಲಿ ಫೋನಿನ ತಪ್ಪು ಸುಮಾರು 5 ಮೀಟರ್ ಇದ್ದೇ ಇರುತ್ತದೆ. ದಟ್ಟ ಮರಗಳ ಕೆಳಗೆ, ಬಂಡೆಗಳ ಮಗ್ಗುಲಲ್ಲಿ, ಎತ್ತರದ ಕಟ್ಟಡಗಳ ನಡುವೆ ಸಂಕೇತ ನೇರವಾಗಿ ಬರದೆ ಗೋಡೆಗೆ ಬಡಿದು ಬರುವುದರಿಂದ ಅದು ಇನ್ನೂ ಹೆಚ್ಚು.

ಡಬ್ಬಿ ಅಡಗಿಸಿದವರೂ ಇಂಥದ್ದೇ ಒಂದು ಉಪಕರಣವನ್ನು ಹಿಡಿದು ಅಂಕಿಗಳನ್ನು ಬರೆದುಕೊಂಡಿದ್ದರು ಎಂಬುದನ್ನು ಹೊಸಬರು ಮರೆಯುತ್ತಾರೆ. ಅವರ ಉಪಕರಣ ಪೂರ್ವಕ್ಕೆ ಐದು ಮೀಟರ್ ತಪ್ಪಿದ್ದು, ನಿಮ್ಮದು ಪಶ್ಚಿಮಕ್ಕೆ ಐದು ಮೀಟರ್ ತಪ್ಪಿದರೆ, ನಿಮ್ಮ ಪರದೆಯ ಮೇಲೆ ‘ಸೊನ್ನೆ ಮೀಟರ್’ ಎಂದು ಮೂಡಿದಾಗ ಡಬ್ಬಿ ನಿಮ್ಮಿಂದ ಹತ್ತು ಮೀಟರ್ ದೂರದಲ್ಲಿರುತ್ತದೆ. ಹತ್ತು ಮೀಟರ್ ತ್ರಿಜ್ಯದ ವೃತ್ತ ಎಂದರೆ ಮುನ್ನೂರು ಚದರ ಮೀಟರಿಗಿಂತ ಹೆಚ್ಚು ಜಾಗ, ಅಂದರೆ ಮೂವತ್ತು–ನಲವತ್ತು ಅಡಿಯ ಎರಡೂಮುಕ್ಕಾಲು ಸೈಟುಗಳಷ್ಟು. ಉಪಗ್ರಹಗಳ ಕೆಲಸ ಈ ವೃತ್ತದ ಅಂಚಿಗೆ ಮುಗಿದು, ಅಲ್ಲಿಂದ ಮುಂದೆ ಕಣ್ಣಿನ ಕೆಲಸ ಶುರುವಾಗುತ್ತದೆ. ನನ್ನ ದೃಷ್ಟಿಯಲ್ಲಿ ಜಿಯೋಕ್ಯಾಶಿಂಗ್ ಎಂದರೆ ಈ ವೃತ್ತದೊಳಗೆ ನಡೆಯುವುದು ಮಾತ್ರ. ಅಲ್ಲಿಯವರೆಗಿನದು ಆಟೊದಲ್ಲೂ ಹೋಗಬಹುದಾದ ದಾರಿ.

ವೃತ್ತದವರೆಗೆ ತಲುಪುವುದಕ್ಕೂ ಅಂಕಿಗಳನ್ನು ಸರಿಯಾಗಿ ಓದಲು ಬರಬೇಕು. ಅಕ್ಷಾಂಶ ರೇಖಾಂಶಗಳನ್ನು ಬರೆಯುವ ಪದ್ಧತಿಗಳು ಒಂದಕ್ಕಿಂತ ಹೆಚ್ಚಿವೆ. ಶಾಲೆಯಲ್ಲಿ ನಾವು ಕಲಿತದ್ದು ಡಿಗ್ರಿ, ಮಿನಿಟ್, ಸೆಕೆಂಡುಗಳ ಕ್ರಮ. ಫೋನಿನ ನಕ್ಷೆಗಳು ಸಾಮಾನ್ಯವಾಗಿ ದಶಮಾಂಶದಲ್ಲಿರುವ ಡಿಗ್ರಿಯನ್ನು ತೋರಿಸುತ್ತವೆ. ಜಿಯೋಕ್ಯಾಶಿಂಗ್‌ನಲ್ಲಿ ಬಳಸುವುದು ಡಿಗ್ರಿ ಮತ್ತು ದಶಮಾಂಶ ಮಿನಿಟುಗಳ ಮೂರನೆಯ ಕ್ರಮ. ಉದಾಹರಣೆಗೆ ಉತ್ತರ 12° 57.000′, ಪೂರ್ವ 77° 35.000′ ಎಂದು ಬರೆದರೆ ಆ ಬಿಂದು ಬೆಂಗಳೂರಿನ ಲಾಲ್‌ಬಾಗಿನಲ್ಲಿ ಬೀಳುತ್ತದೆ. ಒಂದು ಡಿಗ್ರಿಗೆ 60 ಮಿನಿಟುಗಳಾದ್ದರಿಂದ 57 ಮಿನಿಟನ್ನು 60ರಿಂದ ಭಾಗಿಸಿದರೆ 0.95 ಬರುತ್ತದೆ, ದಶಮಾಂಶದಲ್ಲಿ ಇದು 12.95. ಇದನ್ನು ಗಮನಿಸದೆ, ಮಿನಿಟಿನ ಗುರುತನ್ನು ಬಿಟ್ಟು, ನಕ್ಷೆಯಲ್ಲಿ 12.57 ಮತ್ತು 77.35 ಎಂದು ಒತ್ತಿದರೆ ನೀವು ಹೋಗಿ ನಿಲ್ಲುವುದು ಕನಕಪುರದಿಂದ ಪಶ್ಚಿಮಕ್ಕೆ ಏಳೆಂಟು ಕಿಲೋಮೀಟರ್ ಆಚೆ, ಲಾಲ್‌ಬಾಗಿನಿಂದ ಸುಮಾರು ಐವತ್ತು ಕಿಲೋಮೀಟರ್ ದೂರದಲ್ಲಿ. ಜಿಯೋಕ್ಯಾಶಿಂಗ್ ಆಪ್ ಬಳಸುವವರಿಗೆ ಈ ಪರಿವರ್ತನೆ ತಾನಾಗಿಯೇ ಆಗುತ್ತದೆ, ನಿಜ. ಆದರೆ ಒಗಟು ಬಿಡಿಸಿ ಅಂಕಿಗಳನ್ನು ಕೈಯಾರೆ ತುಂಬುವ ದಿನ ಬಂದಾಗ ಈ ಲೆಕ್ಕ ಗೊತ್ತಿರಬೇಕು.

ದಶಮಾಂಶ ಬಿಂದುವಿನ ನಂತರದ ಕೊನೆಯ ಅಂಕಿಗೆ ಎಷ್ಟು ಬೆಲೆ ಎಂಬುದೂ ತಿಳಿದಿರಲಿ. ಅಕ್ಷಾಂಶದ ಒಂದು ಮಿನಿಟು ನೆಲದ ಮೇಲೆ ಸುಮಾರು 1,850 ಮೀಟರ್. ಹಾಗಾಗಿ ಮಿನಿಟಿನ ಸಾವಿರದಲ್ಲಿ ಒಂದು ಭಾಗ ಎರಡು ಮೀಟರಿಗಿಂತಲೂ ಕಡಿಮೆ. ಕ್ಯಾಶ್‌ನ ವಿಳಾಸ ಬರೆದಿರುವ ಸೂಕ್ಷ್ಮತೆ ನಿಮ್ಮ ಫೋನಿನ ಸಾಮರ್ಥ್ಯವನ್ನು ಮೀರಿದ್ದು ಎಂದಾಯಿತು. ಕೊನೆಯ ಅಂಕಿ ತಾಳೆಯಾಗಲಿಲ್ಲವೆಂದು ಹಿಂದೆ ಮುಂದೆ ಒಂದೊಂದೇ ಹೆಜ್ಜೆ ಸರಿಯುತ್ತ ನಿಲ್ಲುವುದರಲ್ಲಿ ಅರ್ಥವಿಲ್ಲ.

ಈಗ ಆಯ್ಕೆಯ ವಿಷಯ. ಉಚಿತ ಖಾತೆಯೊಂದನ್ನು ತೆರೆದು ನಕ್ಷೆಯನ್ನು ನೋಡಿದರೆ ನಿಮ್ಮ ಊರಿನ ಸುತ್ತಲಿನ ಕ್ಯಾಶ್‌ಗಳು ಕಾಣಿಸುತ್ತವೆ; ಉಚಿತ ಖಾತೆಗೆ ಕೆಲವು ಮಿತಿಗಳಿದ್ದರೂ ಕಲಿಯಲು ಅಷ್ಟು ಸಾಕು. ಯುರೋಪ್ ಅಥವಾ ಅಮೆರಿಕದಲ್ಲಿ ನೆಲೆಸಿರುವ ಕನ್ನಡಿಗರಿಗೆ ಮನೆಯಿಂದ ನಡೆದುಹೋಗುವಷ್ಟು ದೂರದಲ್ಲಿಯೇ ಹತ್ತಾರು ಸಿಗಬಹುದು. ನಮ್ಮಲ್ಲಿ ಅಷ್ಟು ದಟ್ಟಣೆ ಇಲ್ಲ, ಇರುವುದರಲ್ಲೂ ಕೆಲವು ಯಾವತ್ತೋ ಕಾಣೆಯಾದವು. ಆದ್ದರಿಂದ ಎಲ್ಲಕ್ಕಿಂತ ಮೊದಲು ನೋಡಬೇಕಾದದ್ದು ಹಿಂದೆ ಹೋದವರ ದಾಖಲೆಗಳನ್ನು. ಇತ್ತೀಚಿನ ಮೂರು ನಾಲ್ಕು ಮಂದಿ ‘ಸಿಕ್ಕಿತು’ ಎಂದಿದ್ದರೆ ಹೊರಡಿ. ಸಾಲಾಗಿ ‘ಸಿಗಲಿಲ್ಲ’ ಎಂದಿದ್ದರೆ ಆ ಕ್ಯಾಶ್ ಎಷ್ಟೇ ಹತ್ತಿರವಿದ್ದರೂ ಮೊದಲ ಪ್ರಯತ್ನಕ್ಕೆ ಬೇಡ.

ಪ್ರತಿ ಕ್ಯಾಶ್‌ಗೂ ಎರಡು ಅಂಕಗಳಿರುತ್ತವೆ. ಒಂದು ಹುಡುಕುವುದು ಎಷ್ಟು ಕಷ್ಟ ಎಂಬುದಕ್ಕೆ, ಇನ್ನೊಂದು ತಲುಪುವುದು ಎಷ್ಟು ಕಷ್ಟ ಎಂಬುದಕ್ಕೆ. ಎರಡೂ ಒಂದರಿಂದ ಐದರವರೆಗೆ ಅರ್ಧರ್ಧ ಅಂಕದ ಮೆಟ್ಟಿಲುಗಳಲ್ಲಿವೆ. ತಲುಪುವುದರಲ್ಲಿ ಒಂದು ಎಂದಿದ್ದರೆ ಗಾಲಿಕುರ್ಚಿಯಲ್ಲಿ ಹೋಗುವವರಿಗೂ ಸಾಧ್ಯ ಎಂದರ್ಥ. ಐದು ಎಂದರೆ ದೋಣಿ, ಹಗ್ಗ ಮುಂತಾದ ವಿಶೇಷ ಸಲಕರಣೆ ಇಲ್ಲದೆ ಆಗುವುದಿಲ್ಲ. 2008ರಲ್ಲಿ ರಿಚರ್ಡ್ ಗ್ಯಾರಿಯಟ್ ಎಂಬ ಬಾಹ್ಯಾಕಾಶ ಯಾತ್ರಿ ಅಂತರರಾಷ್ಟ್ರೀಯ ಬಾಹ್ಯಾಕಾಶ ನಿಲ್ದಾಣದಲ್ಲೊಂದು ಕ್ಯಾಶ್ ಹೂಡಿದರು. ಅದಕ್ಕೆ ಐದು ಕೊಡದೆ ಬೇರೆ ದಾರಿಯೇ ಇರಲಿಲ್ಲ. ಹೊಸಬರು ಎರಡರಲ್ಲೂ ಒಂದೂವರೆಯನ್ನು ದಾಟದಿರುವುದು ಒಳ್ಳೆಯದು. ಅದಕ್ಕಿಂತಲೂ ಮುಖ್ಯವಾದದ್ದು ಡಬ್ಬಿಯ ಗಾತ್ರ, ಇದನ್ನು ಯಾರೂ ಸಾಕಷ್ಟು ಒತ್ತಿ ಹೇಳುವುದಿಲ್ಲ. ‘ಮೈಕ್ರೊ’ ಎಂದರೆ ನೂರು ಮಿಲಿಲೀಟರಿಗಿಂತ ಚಿಕ್ಕದು, ಹಿಂದೆ ಕ್ಯಾಮೆರಾದ ರೀಲು ಬರುತ್ತಿದ್ದ ಡಬ್ಬಿಯಷ್ಟು. ಅದರಲ್ಲೇ ಇನ್ನೂ ಚಿಕ್ಕವು ಬೆರಳ ತುದಿಯಷ್ಟಿರುತ್ತವೆ. ‘ಸ್ಮಾಲ್’ ಎಂದರೆ ಒಂದು ಲೀಟರಿನವರೆಗೆ, ಅಂದರೆ ಮಕ್ಕಳ ಊಟದ ಡಬ್ಬಿಯಷ್ಟು. ‘ರೆಗ್ಯುಲರ್’ ಇಪ್ಪತ್ತು ಲೀಟರಿನವರೆಗೆ. ಮುನ್ನೂರು ಚದರ ಮೀಟರಿನಲ್ಲಿ ಊಟದ ಡಬ್ಬಿ ಹುಡುಕುವುದಕ್ಕೂ ಗುಂಡಿಯಷ್ಟಗಲದ ವಸ್ತು ಹುಡುಕುವುದಕ್ಕೂ ಇರುವ ವ್ಯತ್ಯಾಸವನ್ನು ವಿವರಿಸಬೇಕಾಗಿಲ್ಲ.

ಬಗೆಗಳೂ ಹಲವಿವೆ. ಸಾಂಪ್ರದಾಯಿಕ ಕ್ಯಾಶ್ ಎಂದರೆ ಕೊಟ್ಟ ಬಿಂದುವಿನಲ್ಲಿಯೇ ಡಬ್ಬಿ ಇರುವುದು, ಆರಂಭಕ್ಕೆ ಇದೇ ಸರಿ. ಬಹುಹಂತದ ಕ್ಯಾಶ್‌ನಲ್ಲಿ ಒಂದು ಜಾಗ ಇನ್ನೊಂದರ ಸುಳಿವು ಕೊಡುತ್ತದೆ; ಒಗಟಿನ ಕ್ಯಾಶ್‌ನಲ್ಲಿ ಮನೆಯಲ್ಲೇ ಕುಳಿತು ಒಗಟು ಬಿಡಿಸಿದ ಮೇಲಷ್ಟೇ ನಿಜವಾದ ಅಂಕಿಗಳು ದೊರೆಯುತ್ತವೆ. ಇವುಗಳ ನಡುವೆ ನನಗೆ ಅತ್ಯಂತ ಪ್ರಿಯವಾದದ್ದು ಡಬ್ಬಿಯೇ ಇಲ್ಲದ ಅರ್ತ್‌ಕ್ಯಾಶ್. ಜಿಯಾಲಾಜಿಕಲ್ ಸೊಸೈಟಿ ಆಫ್ ಅಮೆರಿಕಾದ ಆಶ್ರಯದಲ್ಲಿ 2004ರಲ್ಲಿ ಶುರುವಾದ ಈ ಬಗೆಯಲ್ಲಿ ನೀವು ಹೋಗಿ ನೋಡಬೇಕಾದದ್ದು ಭೂಮಿಯ ರಚನೆಯನ್ನು: ಬಂಡೆಯ ಪದರ, ಜಲಪಾತದ ಕೊರೆತ, ಲಾವಾದ ಕಂಬ. ಅಲ್ಲಿ ಅಳೆದೋ ಗಮನಿಸಿಯೋ ಕೆಲವು ಪ್ರಶ್ನೆಗಳಿಗೆ ಉತ್ತರ ಬರೆದು ಕಳುಹಿಸಿದರೆ ‘ಸಿಕ್ಕಿತು’ ಎಂದಾಗುತ್ತದೆ. ಮುನ್ನೂರು ಕೋಟಿ ವರ್ಷ ಹಳೆಯದೆನ್ನುವ ಲಾಲ್‌ಬಾಗಿನ ಬಂಡೆ, ಮಲ್ಪೆಯಾಚೆಯ ಸೇಂಟ್ ಮೇರೀಸ್ ದ್ವೀಪದ ಕಂಬಗಲ್ಲು, ಚಿತ್ರದುರ್ಗದ ಬಳಿಯ ಮರಡಿಹಳ್ಳಿಯ ದಿಂಬಿನಾಕಾರದ ಲಾವಾ, ಹೀಗೆ ರಾಷ್ಟ್ರೀಯ ಭೂವೈಜ್ಞಾನಿಕ ಸ್ಮಾರಕಗಳೆಂದು ಗುರುತಿಸಲಾದ ಜಾಗಗಳು ನಮ್ಮಲ್ಲಿರುವಾಗ ಈ ಬಗೆ ನಮಗೆಂದೇ ಹೇಳಿ ಮಾಡಿಸಿದಂತಿದೆ.

ಹೊರಡುವಾಗ ಚೀಲದಲ್ಲಿ ಹೆಚ್ಚೇನೂ ಬೇಡ. ಪೆನ್ಸಿಲ್ ಒಂದು ಇರಲೇಬೇಕು, ಏಕೆಂದರೆ ಪುಟ್ಟ ಡಬ್ಬಿಗಳಲ್ಲಿ ಬರೆಯುವ ಸಾಧನ ಇರುವುದಿಲ್ಲ ಮತ್ತು ತೇವ ಹಿಡಿದ ಕಾಗದದ ಮೇಲೆ ಬಾಲ್‌ಪೆನ್ ಓಡುವುದಿಲ್ಲ. ಸುರುಳಿ ಸುತ್ತಿದ ಕಾಗದವನ್ನು ಎಳೆದು ತೆಗೆಯಲು ಒಂದು ಚಿಮಟ, ಸಂದುಗಳಲ್ಲಿ ಇಣುಕಲು ಒಂದು ಪುಟ್ಟ ಟಾರ್ಚ್, ಒಂದು ಕೋಲು, ನೀರು ಇದ್ದರೆ ಸಾಕು. ಜಿಪಿಎಸ್ ಮತ್ತು ಪರದೆ ಒಟ್ಟಿಗೆ ಉರಿಯುವುದರಿಂದ ಫೋನಿನ ಚಾರ್ಜು ಬೇಗ ಇಳಿಯುತ್ತದೆ, ಆದಕಾರಣ ಪವರ್ ಬ್ಯಾಂಕ್ ಇರಲಿ. ಜಾಲ ಸಿಗದ ಜಾಗಕ್ಕೆ ಹೋಗುವವರು ಕ್ಯಾಶ್‌ನ ವಿವರವನ್ನು ಮನೆಯಲ್ಲೇ ಇಳಿಸಿಕೊಂಡಿರಲಿ. ವಿದೇಶದಿಂದ ಬರುವವರಿಗೆ ಒಂದು ಎಚ್ಚರಿಕೆ: ಬರೀ ಜಿಪಿಎಸ್ ಸಂಕೇತ ಪಡೆಯುವ ಉಪಕರಣ ಬೇರೆ, ಉಪಗ್ರಹದ ಮೂಲಕ ಸಂದೇಶ ಕಳುಹಿಸುವ ಉಪಕರಣ ಬೇರೆ. ಎರಡನೆಯದನ್ನು ಭಾರತದಲ್ಲಿ ದೂರಸಂಪರ್ಕ ಇಲಾಖೆಯ ಅನುಮತಿಯಿಲ್ಲದೆ ಇಟ್ಟುಕೊಳ್ಳುವಂತಿಲ್ಲ.

ನಾನು ಮೊದಲ ಸಲ ಹೊರಟದ್ದು ಬೆಂಗಳೂರಿನ ದಕ್ಷಿಣ ಭಾಗದ ಒಂದು ಕೆರೆಯ ಏರಿಗೆ, ಭಾನುವಾರ ಬೆಳಗ್ಗೆ. ಫೋನಿನ ಬಾಣ ಏರಿಯ ಮೇಲಿನ ಕಲ್ಲುಬೆಂಚಿನ ಕಡೆಗೆ ತಿರುಗಿ ‘ಎರಡು ಮೀಟರ್’ ಎಂದಿತು. ಬೆಂಚಿನ ಕೆಳಗೆ ಮಂಡಿಯೂರಿ ನೋಡಿದೆ, ಹಿಂದಿನ ಪೊದೆಯನ್ನು ಕೋಲಿನಿಂದ ಸರಿಸಿ ನೋಡಿದೆ, ಮತ್ತೆ ಬೆಂಚಿನ ಕೆಳಗೆ ನೋಡಿದೆ. ಇಪ್ಪತ್ತು ನಿಮಿಷ ಕಳೆದ ಮೇಲೆ ಕಾವಲಿನವರು ಬಂದು, “ಏನ್ ಕಳ್ಕೊಂಡ್ರಿ ಸಾರ್?” ಎಂದರು. ಕಳೆದುಕೊಂಡಿಲ್ಲ, ಹುಡುಕುತ್ತಿದ್ದೇನೆ ಎಂದು ಹೇಳಿದರೆ ಅವರಿಗೆ ಇನ್ನಷ್ಟು ಗೊಂದಲವಾಗುತ್ತದೆಂದು ಅನಿಸಿ ಫೋನನ್ನು ತೋರಿಸಿ ಆಟವನ್ನು ವಿವರಿಸಿದೆ. ಅವರು ನಕ್ಕು, “ವಾರಕ್ಕೊಬ್ಬರು ಬಂದು ಆ ಬೇಲಿ ಹತ್ರ ಕೂರ್ತಾರೆ” ಎಂದು ಏಳೆಂಟು ಮೀಟರ್ ಆಚೆಯ ಕಬ್ಬಿಣದ ಕಟಕಟೆಯನ್ನು ತೋರಿಸಿ ಹೋದರು. ಕಟಕಟೆಯ ಒಂದೊಂದು ಕಂಬಕ್ಕೂ ನಾಲ್ಕು ಬೋಲ್ಟು, ಎಲ್ಲಕ್ಕೂ ತುಕ್ಕು. ಮೂರನೆಯ ಕಂಬದಲ್ಲಿ ಮಾತ್ರ ಐದು ಬೋಲ್ಟುಗಳಿದ್ದವು, ಐದನೆಯದಕ್ಕೆ ತುಕ್ಕು ಇರಲಿಲ್ಲ. ಎಳೆದಾಗ ಅಯಸ್ಕಾಂತದ ಹಿಡಿತ ಬಿಟ್ಟು ಅದು ಕೈಗೆ ಬಂತು. ಒಳಗೆ ಬೀಡಿಯಷ್ಟು ತೆಳ್ಳಗೆ ಸುತ್ತಿದ ಕಾಗದದ ಪಟ್ಟಿ.

ಆ ಐದನೆಯ ಬೋಲ್ಟಿನಲ್ಲಿ ಹುಡುಕಾಟದ ಪಾಠವೆಲ್ಲ ಇದೆ. ವೃತ್ತದ ಅಂಚಿಗೆ ಬಂದ ಕೂಡಲೇ ಫೋನನ್ನು ಜೇಬಿಗಿಡಬೇಕು. ನಿಂತಲ್ಲೇ ನಿಂತರೆ ಅಥವಾ ತೀರ ನಿಧಾನವಾಗಿ ನಡೆದರೆ ಬಾಣ ಸುಮ್ಮನೆ ಗಿರಕಿ ಹೊಡೆಯುತ್ತದೆ. ಬೇಕಾದರೆ ಇಪ್ಪತ್ತು ಮೀಟರ್ ಹಿಂದೆ ಸರಿದು, ಬೇರೆ ಬೇರೆ ದಿಕ್ಕುಗಳಿಂದ ಸರಾಗ ಹೆಜ್ಜೆಯಲ್ಲಿ ಬಂದು, ಪ್ರತಿ ಸಲ ಬಾಣ ಎತ್ತ ತೋರಿಸಿತು ಎಂಬ ಗೆರೆಗಳು ಎಲ್ಲಿ ಕೂಡುತ್ತವೆಂದು ನೋಡಬಹುದು. ಬಳಿಕ ಕೇಳಿಕೊಳ್ಳಬೇಕಾದ ಪ್ರಶ್ನೆ, ‘ನಾನಾಗಿದ್ದರೆ ಇಲ್ಲಿ ಎಲ್ಲಿ ಬಚ್ಚಿಡುತ್ತಿದ್ದೆ?’ ಎಂಬುದು. ಪ್ರಕೃತಿ ಜೋಡಿಸದ ರೀತಿಯಲ್ಲಿ ಜೋಡಿಸಿದ ಕಲ್ಲುಗಳು, ಒಂದೇ ದಿಕ್ಕಿಗೆ ಮಲಗಿರುವ ಕಡ್ಡಿಗಳು, ಒಣಗಿದ ಎಲೆಗಳ ನಡುವೆ ಬೇರೆ ಮರದ ಎಲೆ, ಕಾರಣವಿಲ್ಲದೆ ಇರುವ ತಂತಿ, ಲೆಕ್ಕಕ್ಕೆ ಮಿಕ್ಕ ಬೋಲ್ಟು ಇವೆಲ್ಲ ಮನುಷ್ಯರ ಕೈಯ ಗುರುತುಗಳು. ಅಷ್ಟಕ್ಕೂ ಸಿಗದಿದ್ದರೆ ಪುಟದಲ್ಲಿರುವ ಸುಳಿವನ್ನು ನೋಡಬಹುದು. ಅದು ತಟ್ಟನೆ ಕಣ್ಣಿಗೆ ಬೀಳದಂತೆ ಇಂಗ್ಲಿಷ್ ವರ್ಣಮಾಲೆಯ ಪ್ರತಿ ಅಕ್ಷರವನ್ನು ಹದಿಮೂರು ಸ್ಥಾನ ಸರಿಸಿ ಬರೆದಿರುತ್ತದೆ. ‘ಎ’ ಇರಬೇಕಾದಲ್ಲಿ ‘ಎನ್’ ಇರುತ್ತದೆ, ‘ಎನ್’ ಇರಬೇಕಾದಲ್ಲಿ ‘ಎ’. ಒಂದು ಗುಂಡಿ ಒತ್ತಿದರೆ ಆಪ್ ತಾನೇ ಬಿಡಿಸಿ ತೋರಿಸುತ್ತದೆ. ಸುಳಿವು ನೋಡುವುದನ್ನು ಸೋಲೆಂದು ಭಾವಿಸುವವರಿದ್ದಾರೆ. ಬಿಸಿಲಿನಲ್ಲಿ ಒಂದು ಗಂಟೆ ನಿಂತ ಮೇಲೆ ಅಂಥ ಅಭಿಪ್ರಾಯಗಳು ಸಡಿಲವಾಗುತ್ತವೆ.

ಸಿಕ್ಕಿದಾಗ ಮಾಡಬೇಕಾದದ್ದನ್ನು ಈಗಾಗಲೇ ಹೇಳಿದ್ದೇನೆ. ದೊಡ್ಡ ಡಬ್ಬಿಯಾಗಿದ್ದರೆ ಅದರಲ್ಲಿ ಪುಟ್ಟ ಆಟಿಕೆ, ನಾಣ್ಯ, ಕೀಲಿಗೊಂಚಲು ಇತ್ಯಾದಿ ಇರಬಹುದು. ತೆಗೆದುಕೊಂಡರೆ ಅಷ್ಟೇ ಬೆಲೆಯದ್ದನ್ನೋ ಇನ್ನೂ ಒಳ್ಳೆಯದನ್ನೋ ಇಡಬೇಕು. ತಿನಿಸು, ಚಾಕು, ಬೆಂಕಿಪೊಟ್ಟಣಗಳಂಥವನ್ನು ಇಡಬಾರದು. ತಿನಿಸಿನ ವಿಷಯದಲ್ಲಿ ನಮ್ಮ ಬೆಟ್ಟಗಳ ಕೋತಿಗಳನ್ನು ಬಲ್ಲವರಿಗೆ ಕಾರಣ ಹೇಳಬೇಕಾಗಿಲ್ಲ. ಸೈನಿಕರ ಗುರುತಿನ ಬಿಲ್ಲೆಯಂತಿರುವ, ಸಂಖ್ಯೆ ಕೊರೆದ ತಗಡು ಸಿಕ್ಕಿದರೆ ಅದನ್ನು ಕಾಣಿಕೆಯೆಂದು ಮನೆಗೆ ಒಯ್ಯಬೇಡಿ. ಅದು ‘ಟ್ರಾವೆಲ್ ಬಗ್’, ಡಬ್ಬಿಯಿಂದ ಡಬ್ಬಿಗೆ ಪಯಣಿಸಲೆಂದೇ ಬಿಟ್ಟದ್ದು. ಅದರ ಮಾಲೀಕರು ಎಲ್ಲೋ ಕುಳಿತು ಅದು ಎಲ್ಲಿಯವರೆಗೆ ಹೋಯಿತೆಂದು ನೋಡುತ್ತಿರುತ್ತಾರೆ. ಮುಂದಿನ ಡಬ್ಬಿಗೆ ಸಾಗಿಸಲು ಸಾಧ್ಯವಿದ್ದರೆ ಮಾತ್ರ ತೆಗೆದುಕೊಳ್ಳಿ. ಸಿಗದಿದ್ದಾಗ ‘ಸಿಗಲಿಲ್ಲ’ ಎಂದು ದಾಖಲಿಸುವುದು ಸಿಕ್ಕಿತೆಂದು ದಾಖಲಿಸುವಷ್ಟೇ ಅಗತ್ಯ, ಏಕೆಂದರೆ ಡಬ್ಬಿ ಕಾಣೆಯಾಗಿರುವುದು ಅಡಗಿಸಿದವರಿಗೆ ಗೊತ್ತಾಗುವುದು ಅದರಿಂದಲೇ.

ನಮ್ಮ ನೆಲದಲ್ಲಿ ಆಡುವವರು ಕೆಲವು ವಿಷಯಗಳಲ್ಲಿ ಹೆಚ್ಚು ಎಚ್ಚರದಿಂದಿರಬೇಕು. ಆಟವನ್ನು ಇತರರಿಗೆ ವಿವರಿಸುವಾಗ ‘ನಿಧಿ’ ಎಂಬ ಪದವನ್ನು ದಯವಿಟ್ಟು ಬಳಸಬೇಡಿ. ಪತ್ರಿಕೆಗಳು ಜಿಯೋಕ್ಯಾಶಿಂಗನ್ನು ಆಧುನಿಕ ನಿಧಿಶೋಧ ಎಂದು ಕರೆಯಲು ಇಷ್ಟಪಡುತ್ತವೆ. ಆದರೆ ನಿಧಿಯಾಸೆಗೆ ಪಾಳು ಗುಡಿಗಳ ಗರ್ಭಗೃಹ ಅಗೆದವರ, ವೀರಗಲ್ಲು ಕಿತ್ತವರ ಸುದ್ದಿ ಕೇಳಿ ಬೇಸತ್ತಿರುವ ಹಳ್ಳಿಗಳಲ್ಲಿ, ಕೈಯಲ್ಲೊಂದು ಯಂತ್ರ ಹಿಡಿದು ಹಳೆಯ ಮಂಟಪದ ಸುತ್ತ ಅಡ್ಡಾಡುವ ಅಪರಿಚಿತರು ‘ನಿಧಿ ಹುಡುಕ್ತಿದ್ದೀವಿ’ ಎಂದರೆ ಮುಂದೇನಾಗುತ್ತದೆಂದು ಊಹಿಸಬಹುದು. ಆಟದ ನಿಯಮವಂತೂ ಸ್ಪಷ್ಟವಾಗಿದೆ: ಅಡಗಿಸುವುದಕ್ಕಾಗಲಿ ಹುಡುಕುವುದಕ್ಕಾಗಲಿ ಜಾಗದ ಮಾಲೀಕರ ಅನುಮತಿಯಿಲ್ಲದೆ ನೆಲ ಅಗೆಯುವಂತಿಲ್ಲ. ಮೊಟ್ಟಮೊದಲ ಬಕೆಟ್ಟೇ ಅರ್ಧ ಹೂತದ್ದಾಗಿತ್ತು ಎಂಬುದು ಈ ಆಟದ ಇತಿಹಾಸದ ಒಂದು ತಮಾಷೆ. ಇಂದು ಅಂಥ ಅನುಮತಿಯಿಲ್ಲದೆ ಅದಕ್ಕೆ ಒಪ್ಪಿಗೆ ಸಿಗುತ್ತಿರಲಿಲ್ಲ.

ಸಾರ್ವಜನಿಕ ಜಾಗದಲ್ಲಿ ವಾರಸುದಾರರಿಲ್ಲದ ಡಬ್ಬಿ ಯಾವ ದೇಶದಲ್ಲೂ ಅನುಮಾನ ಹುಟ್ಟಿಸುತ್ತದೆ. 2011ರಲ್ಲಿ ಇಂಗ್ಲೆಂಡಿನ ವೆದರ್ಬಿ ಪಟ್ಟಣದಲ್ಲಿ ಒಬ್ಬರು ಪುಟ್ಟ ಡಬ್ಬಿಯೊಂದನ್ನು ಬೀದಿಯಲ್ಲಿ ಇಟ್ಟುಹೋದದ್ದನ್ನು ಕಂಡವರು ಪೊಲೀಸರಿಗೆ ತಿಳಿಸಿ, ಬಾಂಬ್ ನಿಷ್ಕ್ರಿಯ ದಳ ಬಂದು ಅದನ್ನು ಸ್ಫೋಟಿಸಿದ ಮೇಲಷ್ಟೇ ಅದು ಜಿಯೋಕ್ಯಾಶ್ ಎಂದು ಗೊತ್ತಾಯಿತು. ರೈಲು ನಿಲ್ದಾಣ, ವಿಮಾನ ನಿಲ್ದಾಣ, ಸೇನೆಯ ಜಾಗ, ಶಾಲೆ, ಅಣೆಕಟ್ಟು ಮುಂತಾದವುಗಳ ಸಮೀಪ ಹುಡುಕಾಡುವುದೂ ಬೇಡ, ಅಡಗಿಸುವುದಂತೂ ಬೇಡವೇ ಬೇಡ. ಆಟ ತಿಳಿಯದ ದಾರಿಹೋಕರನ್ನು ಆಟಗಾರರು ‘ಮಗಲ್’ ಎನ್ನುತ್ತಾರೆ; ಅವರ ಕಣ್ತಪ್ಪಿಸಿ ಡಬ್ಬಿ ತೆಗೆಯುವುದು ಆಟದ ಚಮತ್ಕಾರಗಳಲ್ಲಿ ಒಂದೆಂದು ಹೇಳಲಾಗುತ್ತದೆ. ಆದರೆ ಯಾರಾದರೂ ನೇರವಾಗಿ ಕೇಳಿದಾಗ ಕಳ್ಳನಂತೆ ಜಾರಿಕೊಳ್ಳುವುದಕ್ಕಿಂತ ಇದ್ದದ್ದನ್ನು ಇದ್ದಂತೆ ಹೇಳುವುದೇ ವಾಸಿ ಎಂದು ನಾನು ಆ ಕೆರೆಯ ಕಾವಲಿನವರಿಂದ ಕಲಿತಿದ್ದೇನೆ. ಪೊಲೀಸರು ಕೇಳಿದರೆ ಮರುಮಾತಿಲ್ಲದೆ ಫೋನನ್ನು ತೋರಿಸಿ ವಿವರಿಸಿ.

ಕಾಡು, ಬೆಟ್ಟಗಳಿಗೆ ಹೋಗುವುದಾದರೆ ಅರಣ್ಯ ಇಲಾಖೆಯ ಅನುಮತಿ ಬೇಕೇ ಎಂದು ಮುಂಚಿತವಾಗಿ ವಿಚಾರಿಸಬೇಕು. ಕ್ಯಾಶ್ ಪಟ್ಟಿಯಲ್ಲಿದೆ ಎಂಬುದು ಪ್ರವೇಶದ ಪರವಾನಗಿಯಲ್ಲ. ಕಲ್ಲಿನ ಸಂದು, ಮರದ ಪೊಟರೆ, ಹುತ್ತದ ಬಳಿಯ ಬಿಲಗಳಿಗೆ ಬರಿಗೈ ಹಾಕಬಾರದು. ನಾಗರ, ಕೊಳಕುಮಂಡಲ, ಚೇಳುಗಳಿಗೆ ಪ್ರಿಯವಾದ ಜಾಗಗಳೂ ಡಬ್ಬಿ ಅಡಗಿಸುವವರಿಗೆ ಪ್ರಿಯವಾದ ಜಾಗಗಳೂ ಹೆಚ್ಚುಕಡಿಮೆ ಒಂದೇ. ಮೊದಲು ಟಾರ್ಚಿನ ಬೆಳಕು, ನಂತರ ಕೋಲು, ಕೊನೆಗೆ ಕೈ.

ಒಂದಿಪ್ಪತ್ತು ಡಬ್ಬಿಗಳನ್ನು ಕಂಡ ಮೇಲೆ ಸ್ವಂತದ್ದೊಂದನ್ನು ಅಡಗಿಸುವ ಆಸೆ ಹುಟ್ಟುವುದು ಸಹಜ. ಅದಕ್ಕೆ ಮೊದಲು ಹುಟ್ಟಿದರೆ ತಡೆದುಕೊಳ್ಳಿ, ಏಕೆಂದರೆ ಕೆಟ್ಟ ಅಡಗುತಾಣ ಯಾವುದೆಂದು ಗೊತ್ತಾಗುವುದು ಹಲವನ್ನು ಕಂಡಾಗಲೇ. ಜಾಗದ ಮಾಲೀಕರ ಅಥವಾ ಉಸ್ತುವಾರಿಯ ಒಪ್ಪಿಗೆ ಇರಬೇಕು, ಇನ್ನೊಂದು ಕ್ಯಾಶ್‌ನಿಂದ ಕನಿಷ್ಠ 161 ಮೀಟರ್, ಅಂದರೆ ಮೈಲಿಯ ಹತ್ತನೇ ಒಂದು ಭಾಗದಷ್ಟು ದೂರವಿರಬೇಕು. ನೀವು ಕಳುಹಿಸಿದ ವಿವರವನ್ನು ಸ್ವಯಂಸೇವಕ ಪರಿಶೀಲಕರೊಬ್ಬರು ಓದಿ ಒಪ್ಪಿದ ಮೇಲೆಯೇ ಅದು ಪ್ರಕಟವಾಗುತ್ತದೆ. ಅಂಕಿಗಳನ್ನು ಒಂದೇ ಸಲ ಬರೆದುಕೊಳ್ಳಬೇಡಿ. ಬೇರೆ ಬೇರೆ ದಿನ, ಬೇರೆ ಬೇರೆ ಹೊತ್ತಿನಲ್ಲಿ ನಾಲ್ಕೈದು ಸಲ ಅಳೆದು ಸರಾಸರಿ ತೆಗೆದರೆ ನಿಮ್ಮ ಪಾಲಿನ ತಪ್ಪು ಕಡಿಮೆಯಾಗುತ್ತದೆ. ಹುಡುಕುವವರ ವೃತ್ತ ಅಷ್ಟರಮಟ್ಟಿಗೆ ಚಿಕ್ಕದಾಗುತ್ತದೆ. ಪ್ರವಾಸ ಹೋದ ಊರಿನಲ್ಲಿ ಅಡಗಿಸಿ ಬರುವುದನ್ನು ಪರಿಶೀಲಕರು ಒಪ್ಪದಿರುವುದಕ್ಕೂ ಕಾರಣವಿದೆ. 2000ದ ಮೇ 11ರಂದು ಕನ್ಸಾಸ್ ರಾಜ್ಯದ ಮಿಂಗೊದಲ್ಲಿ ಹೂಡಿದ ಕ್ಯಾಶ್ ಕಾಲು ಶತಮಾನದ ನಂತರವೂ ಪಟ್ಟಿಯಲ್ಲಿ ಉಳಿದಿದ್ದರೆ, ಅದು ಯಾರೋ ಮತ್ತೆ ಮತ್ತೆ ಹೋಗಿ ನೋಡಿಕೊಂಡಿದ್ದರಿಂದ.

ನಮ್ಮಲ್ಲಿ ಆ ನೋಡಿಕೊಳ್ಳುವಿಕೆಯ ಪರೀಕ್ಷೆ ಜೂನ್ ತಿಂಗಳಲ್ಲಿ ನಡೆಯುತ್ತದೆ. ಅಂಗಡಿಯಲ್ಲಿ ‘ಏರ್‌ಟೈಟ್’ ಎಂದು ಮಾರುವ ಡಬ್ಬಿಗಳಲ್ಲಿ ಹೆಚ್ಚಿನವು ಮಲೆನಾಡಿನ ಒಂದು ಮಳೆಗಾಲವನ್ನು ದಾಟುವುದಿಲ್ಲ. ನಾಲ್ಕೂ ಬದಿಗೆ ಕ್ಲಿಪ್ ಇರುವ, ಮುಚ್ಚಳದ ಸುತ್ತ ರಬ್ಬರ್ ಪಟ್ಟಿ ಇರುವ ಡಬ್ಬಿ ತೆಗೆದುಕೊಂಡು, ಕಾಗದವನ್ನು ಜಿಪ್ ಇರುವ ಪ್ಲಾಸ್ಟಿಕ್ ಚೀಲದೊಳಗೆ ಹಾಕಿ, ಮುಚ್ಚಳದ ಮೇಲೆ ‘ಇದು ಆಟದ ಡಬ್ಬಿ, ಅಪಾಯವಿಲ್ಲ, ಇದ್ದಲ್ಲಿಯೇ ಇಡಿ’ ಎಂದು ಕನ್ನಡದಲ್ಲೂ ಇಂಗ್ಲಿಷಿನಲ್ಲೂ ಬರೆಯಿರಿ. ನಂತರ ಮನೆಯ ಬಕೆಟ್ಟಿನ ನೀರಿನಲ್ಲಿ, ಮೇಲೊಂದು ಕಲ್ಲು ಹೇರಿ, ಅದನ್ನು ಒಂದು ರಾತ್ರಿ ಮುಳುಗಿಸಿಡಿ. ಬೆಳಗ್ಗೆ ತೆರೆದಾಗ ಕಾಗದ ಒಣಗಿದ್ದರೆ ಡಬ್ಬಿಯನ್ನು ಹೊರಗೆ ಒಯ್ಯಬಹುದು.